ಅಪ್ಪನಿಗೆ ಬಾರದ ಅಳು ಅಲಾಯಿ ಪದಕ್ಕೆ ಬಂತು

ಅಕ್ಕಾ,

ನಾನು ಮಾನ್ವಿಯ ಹೈಸ್ಕೂಲೊಂದರಲ್ಲಿ ಕನ್ನಡ ಕಲಿಸುತ್ತೇನೆ. ತವರು ದೇವದುರ್ಗ ತಾಲ್ಲೂಕಿನ ಒಂದು ಹಳ್ಳಿ. ಈ ಸಲದ ಬಿಳಿಜೋಳದ ಕೊಯ್ಲಿನ ಹೊತ್ತಿಗೆ ಅಪ್ಪ ತೀರಿಕೊಂಡರು. ರಾತ್ರಿ ಎದೆನೋವು ಎಂದರು. ದೇವದುರ್ಗಕ್ಕೆ, ಅಲ್ಲಿಂದ ರಾಯಚೂರಿಗೆ ಒಯ್ದದ್ದು, ದುಡ್ಡು ಹೊಂದಿಸಿದ್ದು, ಕಾಗದಗಳಿಗೆ ಸಹಿ ಹಾಕಿದ್ದು, ಕೊನೆಗೆ ಹೆಣ ತಂದದ್ದು ಎಲ್ಲ ನಾನೇ. ಮಣ್ಣು ಮಾಡುವಾಗ ನನ್ನ ಕಣ್ಣಲ್ಲಿ ಒಂದು ಹನಿ ನೀರು ಬರಲಿಲ್ಲ. ಆಮೇಲೂ ಬರಲಿಲ್ಲ.

ಈ ವರ್ಷದ ಅಲಾಯಿ (ಮೊಹರಂ) ಹಬ್ಬಕ್ಕೆ ಮಗನನ್ನು ಕರಕೊಂಡು ಊರಿಗೆ ಹೋಗಿದ್ದೆ. ಕತ್ತಲ ರಾತ್ರಿ ಮಸೀದಿ ಮುಂದೆ ರಿವಾಯತ್ ಪದ ನಡೆದಿತ್ತು. ಮದುವೆಯ ಅರಿಸಿನ ಆರುವ ಮೊದಲೇ ಕರ್ಬಲಾದ ಯುದ್ಧಕ್ಕೆ ಹೊರಟ ಕಾಸಿಮನ ಪದ ಎತ್ತಿಕೊಂಡರು. ಅಳು ಎಲ್ಲಿಂದ ಬಂತೋ ತಿಳಿಯದು, ತಡೆಯಲಾಗಲಿಲ್ಲ. ಮಂದಿ ನೋಡುತ್ತಿದ್ದರು. ನಮ್ಮ ಅತ್ತಿಗಿ, ‘ಅಪ್ಪ ಸತ್ತಾಗ ಕಲ್ಲಿನಂಗ ನಿಂತಿದ್ದಾಕಿ, ಯಾರ್ದೋ ದೇವರ ಮುಂದ ಹೆಂಗ ಅಳ್ತಾಳ ನೋಡ್ರಿ’ ಅಂದಳು. ಅಂದಿನಿಂದ ಆ ಮಾತು ಬಿಟ್ಟು ಹೋಗುತ್ತಿಲ್ಲ. ಅಪ್ಪನಿಗಿಲ್ಲದ ಕಣ್ಣೀರು ಕತೆಗೆ ಬಂತೆಂದರೆ ಅದು ಸುಳ್ಳು ಕಣ್ಣೀರಲ್ಲವೇ?

ಇನ್ನೊಂದು. ಆ ರಾತ್ರಿಯಿಂದ ಮಗನ ಬಗ್ಗೆ ಏನೋ ಭಯ. ಅವನ ಆಟೊ ಬರುವುದು ಸ್ವಲ್ಪ ತಡವಾದರೂ ಕೈ ನಡುಗುತ್ತದೆ. ನಮ್ಮನೆಯವರು, ‘ಇಂಥ ಪದ, ಇಂಥ ಪುಸ್ತಕ ಬಿಡು, ಮನಸು ಹಗುರ ಮಾಡುವಂಥದ್ದು ನೋಡು’ ಅನ್ನುತ್ತಾರೆ. ಶಾಲೆಯಲ್ಲೂ ತೊಡಕಾಗಿದೆ. ಹೋದ ವಾರ ಹರಿಶ್ಚಂದ್ರನ ಮಗ ಲೋಹಿತಾಶ್ವ ಹಾವು ಕಚ್ಚಿ ಸಾಯುವ ಕತೆ ಹೇಳುವಾಗ ಒಂದು ಹುಡುಗಿ ಬಿಕ್ಕಿ ಅತ್ತಳು. ಅವಳ ತಮ್ಮ ಹಾವು ಕಚ್ಚಿ ಸತ್ತದ್ದು ನನಗೆ ಆಮೇಲೆ ಗೊತ್ತಾಯಿತು. ದುಃಖದ ಪಾಠಗಳನ್ನು ಮಕ್ಕಳಿಗೆ ಹೇಳುವುದೇ ಬೇಡವೇ?

— ನಿಮ್ಮ ತಂಗಿ, ಮಾನ್ವಿ

*

ತಂಗೀ,

ನಿಮ್ಮ ಕಣ್ಣೀರು ಸುಳ್ಳಲ್ಲ. ನೀವು ಕಲ್ಲೂ ಅಲ್ಲ. ಇದನ್ನು ಸಮಾಧಾನಕ್ಕೆಂದು ಹೇಳುತ್ತಿಲ್ಲ. ನಿಮಗಾದದ್ದು ಎರಡೂವರೆ ಸಾವಿರ ವರ್ಷಗಳ ಹಿಂದೆ ಒಬ್ಬ ದೊರೆಗೂ ಆಗಿತ್ತು. ಅದು ಬರವಣಿಗೆಯಲ್ಲಿ ದಾಖಲಾಗಿ ಉಳಿದಿದೆ.

ಕ್ರಿ.ಪೂ. 525ರಲ್ಲಿ ಪರ್ಷಿಯದ ಕ್ಯಾಂಬಿಸಿಸ್ ಈಜಿಪ್ಟನ್ನು ಗೆದ್ದ. ಸೋತ ದೊರೆ ಸ್ಯಾಮೆನಿಟಸ್‌ನನ್ನು ಊರ ಹೊರಗೆ ಕೂರಿಸಿ ಅವನ ಮನಸ್ಸಿನ ಪರೀಕ್ಷೆ ಮಾಡಿದ. ಮೊದಲು ದೊರೆಯ ಮಗಳನ್ನು ದಾಸಿಯ ಉಡುಗೆಯಲ್ಲಿ, ಕೈಗೆ ಕೊಡ ಕೊಟ್ಟು ಅವನೆದುರು ಹಾಯಿಸಿದ. ಜೊತೆಗಿದ್ದ ತಂದೆಯರೆಲ್ಲ ತಮ್ಮ ಹೆಣ್ಣುಮಕ್ಕಳನ್ನು ಕಂಡು ಗೋಳಾಡಿದರು. ದೊರೆ ನೋಡಿದ, ತಲೆ ತಗ್ಗಿಸಿದ. ಆಮೇಲೆ ಅವನ ಮಗನನ್ನು ಇನ್ನೆರಡು ಸಾವಿರ ಹುಡುಗರೊಂದಿಗೆ ಕೊರಳಿಗೆ ಹಗ್ಗ ಕಟ್ಟಿ ಕೊಲ್ಲಲು ಒಯ್ದರು. ಆಗಲೂ ತಲೆ ತಗ್ಗಿಸಿದ, ಅಷ್ಟೇ. ಕೊನೆಗೆ ಒಬ್ಬ ಮುದುಕ ಸಿಪಾಯಿಗಳ ಬಳಿ ಭಿಕ್ಷೆ ಬೇಡುತ್ತಾ ಬಂದ. ಒಂದು ಕಾಲಕ್ಕೆ ದೊರೆಯ ಪಂಕ್ತಿಯಲ್ಲಿ ಉಂಡವನು, ಹಳೆಯ ಗೆಳೆಯ. ಅವನನ್ನು ಕಂಡದ್ದೇ ದೊರೆ ಹೆಸರು ಹಿಡಿದು ಕೂಗಿ, ತಲೆ ಚಚ್ಚಿಕೊಂಡು ಅತ್ತ. ಮಗನಿಗೆ ಅಳದವನು ಇವನಿಗೆ ಯಾಕೆ ಅತ್ತೆ ಎಂದು ಕೇಳಿಸಿದರೆ, ನನ್ನ ಮನೆಯ ಕೇಡು ಅಳುವಿಗೂ ಮೀರಿದ್ದು, ಗೆಳೆಯನ ಕಷ್ಟಕ್ಕಾದರೆ ಅಳಬಹುದು ಎಂಬರ್ಥದ ಉತ್ತರ ಕೊಟ್ಟನಂತೆ. ಹೆರೊಡೋಟಸ್ ಬರೆದ ಇತಿಹಾಸದಲ್ಲಿ ಇದಿದೆ.

ಇದೇ ಪ್ರಸಂಗವನ್ನು ಅರಿಸ್ಟಾಟಲ್ ದೊರೆಯ ಹೆಸರನ್ನು ಅಮಾಸಿಸ್ ಎಂದು ಬದಲಿಸಿ ತನ್ನ ವಾಗ್ಮಿತೆಯ ಶಾಸ್ತ್ರದಲ್ಲಿ ಎತ್ತಿಕೊಳ್ಳುತ್ತಾನೆ. ದುರಂತ ನಾಟಕ ನೋಡುವವರಲ್ಲಿ ಕರುಣೆ ಮತ್ತು ಭಯವನ್ನು ಎಬ್ಬಿಸುತ್ತದೆ ಎಂದವನೇ ಅವನು. ಇವೆರಡನ್ನು ಪ್ರತಿಸಲ ಜೋಡಿಯಾಗಿ ಹೇಳಿ ನಾವು ಮುಂದೆ ಹೋಗಿಬಿಡುತ್ತೇವೆ. ಇಲ್ಲಿ ಅವನು ಅವುಗಳ ನಡುವಿನ ಜಗಳವನ್ನೂ ಕಂಡಿದ್ದಾನೆ. ಕೇಡು ತೀರಾ ಹತ್ತಿರಕ್ಕೆ, ನಮ್ಮ ಹೊಸ್ತಿಲ ಒಳಕ್ಕೇ ಬಂದಾಗ ಅದು ಘೋರವಾಗುತ್ತದೆ, ಮತ್ತು ಘೋರವಾದದ್ದು ಕರುಣೆಯನ್ನು ಆಚೆಗೆ ದೂಡುತ್ತದೆ ಎನ್ನುತ್ತಾನೆ. ಕರುಣೆಗೆ ಒಂದಿಷ್ಟು ದೂರ ಬೇಕು. ಆ ದೊರೆಯ ಮಗನ ವಿಷಯದಲ್ಲಿ ಆ ದೂರ ಇರಲಿಲ್ಲ, ಗೆಳೆಯನ ವಿಷಯದಲ್ಲಿ ಇತ್ತು.

ಆಸ್ಪತ್ರೆಯ ಆ ದಿನಗಳನ್ನು ಇದರ ಪಕ್ಕ ಇಟ್ಟು ನೋಡಿ. ಮುಂದಿನ ಔಷಧ ತರಬೇಕು, ಯಾರಿಗೋ ಫೋನ್ ಮಾಡಬೇಕು, ಸಹಿ ಹಾಕಬೇಕು. ನೀವು ಭಯದ ಒಳಗೇ ಇದ್ದಿರಿ, ಅಪ್ಪನನ್ನು ನೋಡಿ ಮರುಗುವಷ್ಟು ಜಾಗವೂ ನಿಮಗಿರಲಿಲ್ಲ. ಮಣ್ಣು ಮಾಡುವಾಗಲೂ ನಿಮ್ಮ ಮೈ ಆ ಓಡಾಟದಿಂದ ಇನ್ನೂ ಇಳಿದಿರಲಿಲ್ಲ. ಮನೆಯ ಹೊಣೆ ಹೊತ್ತ ಮಗಳಿಗೋ ಮಗನಿಗೋ ಹೀಗಾಗುವುದು ತೀರಾ ಸಾಮಾನ್ಯ. ಅಳುತ್ತಾ ಕೂರುವ ಅವಕಾಶ ನಿಮ್ಮ ಅತ್ತಿಗಿಗಿತ್ತು, ಯಾಕೆಂದರೆ ಉಳಿದದ್ದನ್ನು ನೀವು ನೋಡಿಕೊಳ್ಳುತ್ತಿದ್ದಿರಿ. ಇದನ್ನು ಅವರಿಗೆ ಚುಚ್ಚಲು ಹೇಳುತ್ತಿಲ್ಲ. ನಿಮಗೆ ನೀವೇ ಹೇಳಿಕೊಳ್ಳಿ ಎಂದು ಹೇಳುತ್ತಿದ್ದೇನೆ.

ಕನ್ನಡ ಎಂ.ಎ. ಓದಿದ್ದರೆ ತೀ.ನಂ.ಶ್ರೀಯವರ ‘ಭಾರತೀಯ ಕಾವ್ಯಮೀಮಾಂಸೆ’ ನಿಮ್ಮ ಕೈಯಲ್ಲಿ ಹಾದುಹೋಗಿರುತ್ತದೆ. ರಸದ ಅಧ್ಯಾಯಗಳನ್ನು ಈಗ ಮತ್ತೊಮ್ಮೆ ತೆರೆಯಿರಿ, ಪರೀಕ್ಷೆಗೆ ಓದಿದಾಗ ಕಾಣದ್ದು ಕಾಣುತ್ತದೆ. ಭರತ ಶೋಕವನ್ನು ಕರುಣರಸಕ್ಕೂ ಭಯವನ್ನು ಭಯಾನಕರಸಕ್ಕೂ ಸ್ಥಾಯಿಭಾವವಾಗಿ ಹೇಳಿದ. ಸಾವಿರ ವರ್ಷಗಳ ಹಿಂದೆ ಕಾಶ್ಮೀರದಲ್ಲಿದ್ದ ಅಭಿನವಗುಪ್ತ ರಸಕ್ಕೆ ಅಡ್ಡಬರುವ ವಿಘ್ನಗಳನ್ನು ಎಣಿಸುವಾಗ, ನೋಡುವವನು ತನ್ನ ಸ್ವಂತ ಸುಖದುಃಖದಲ್ಲಿ ಮುಳುಗಿಹೋಗಿರುವುದನ್ನೂ ಒಂದು ವಿಘ್ನವೆಂದು ಸೇರಿಸಿದ. ಗ್ರೀಸಿನವನನ್ನು ಕಾಣದೆ ಇವನೂ ಅದೇ ಜಾಗಕ್ಕೆ ಬಂದಿದ್ದಾನೆ. ಶೋಕ ‘ನನ್ನದು’ ಎಂಬ ಗಂಟಿನಿಂದ ಬಿಡಿಸಿಕೊಂಡು ಎಲ್ಲರದೂ ಆದಾಗ ಮಾತ್ರ ಅದು ಕರುಣವಾಗುತ್ತದೆ. ಇದನ್ನು ನಾವು ಸಾಧಾರಣೀಕರಣ ಎಂದು ನೋಟ್ಸಿನಲ್ಲಿ ಬರೆಸುತ್ತೇವೆ. ಮಸೀದಿ ಮುಂದೆ ಕತ್ತಲ ರಾತ್ರಿ ನಿಮಗಾದದ್ದು ಅದೇ.

ಆದರೆ ಬೇರೆ ಯಾವ ಕತೆಗೂ ಬಾರದ ಅಳು ಆ ಪದಕ್ಕೇ ಯಾಕೆ ಬಂತು? ಇದರಲ್ಲಿ ನಮ್ಮ ಸೀಮೆಯ ಪಾಲು ದೊಡ್ಡದಿದೆ ಎಂದು ನನಗನಿಸುತ್ತದೆ. ಕರ್ಬಲಾದ ಕತೆ ಕ್ರಿ.ಶ. 680ರದು, ಹಿಜರಿ 61ರ ಮೊಹರಂ ಹತ್ತನೆಯ ದಿನ. ಪ್ರವಾದಿಯ ಮೊಮ್ಮಗ ಹುಸೇನ್, ಅವರ ಮನೆಯವರು, ಎಪ್ಪತ್ತರ ಆಸುಪಾಸಿನ ಸಂಗಡಿಗರು ಯಜೀದನ ದೊಡ್ಡ ದಂಡಿನ ಮುಂದೆ ಸಿಕ್ಕಿಬಿದ್ದರು. ಯೂಫ್ರೆಟಿಸ್ ನದಿ ಹತ್ತಿರವೇ ಹರಿಯುತ್ತಿತ್ತು, ಅದರ ದಾರಿ ಕಟ್ಟಿದ್ದರು. ಮಕ್ಕಳು ನೀರಡಿಸಿ ಒದ್ದಾಡಿದರು. ನೀರು ತರಲು ಹೋದ ಅಬ್ಬಾಸರ ಕೈ ಕಡಿದರು. ಹುಸೇನರ ತೋಳಲ್ಲಿದ್ದ ಹಸುಗೂಸು ಅಸ್ಗರನ ಕೊರಳಿಗೆ ಬಾಣ ನಟ್ಟಿತು. ಅತ್ತ ಕೃಷ್ಣೆ, ಇತ್ತ ತುಂಗಭದ್ರೆ, ನಡುವೆ ಬೇಸಿಗೆಯಲ್ಲಿ ಕೊಡ ಹಿಡಿದು ನಿಲ್ಲುವ ಹಳ್ಳಿಗಳು. ಎಡದಂಡೆ ಕಾಲುವೆಯ ಕೊನೆಭಾಗಕ್ಕೆ ನೀರು ಮುಟ್ಟಲಿಲ್ಲವೆಂದು ರಸ್ತೆಗೆ ಕೂರುವ ರೈತರು. ಹೊಳೆಯ ದಂಡೆಯಲ್ಲೇ ನೀರಿಲ್ಲದೆ ಸತ್ತವರ ಕತೆ ಈ ಮಂದಿಗೆ ದೂರದ ಅರಬಸ್ತಾನದ ಕತೆಯಾಗಿ ಕೇಳುವುದಿಲ್ಲ. ಕರುಣೆ ಹುಟ್ಟುವುದು ತಪ್ಪಿಲ್ಲದೆ ಕೇಡುಂಡವನನ್ನು ಕಂಡು, ಭಯ ಹುಟ್ಟುವುದು ಅವನು ನಮ್ಮಂಥವನೇ ಎಂದು ತಿಳಿದಾಗ ಎಂದು ಅರಿಸ್ಟಾಟಲ್ ‘ಕಾವ್ಯಮೀಮಾಂಸೆ’ಯಲ್ಲಿ ಹೇಳಿದ. ರಿವಾಯತ್ ಕಟ್ಟಿದವರು ಅವನ ಹೆಸರು ಕೇಳಿದವರಲ್ಲ. ಆದರೂ ಕಾಸಿಮನಿಗೆ ನಮ್ಮ ಮದುಮಕ್ಕಳ ಹಾಗೆ ಅರಿಸಿನ ಹಚ್ಚಿದರು, ಬಾಸಿಂಗ ಕಟ್ಟಿದರು, ಅವನ ತಾಯಿಯ ಬಾಯಲ್ಲಿ ನಮ್ಮ ಅವ್ವಂದಿರ ಮಾತಿಟ್ಟರು. ಅವನನ್ನು ನಮ್ಮಂಥವನನ್ನಾಗಿ ಮಾಡಿದರು.

ಮುದಗಲ್ಲಿನ ಮೊಹರಂ ನಿಮಗೆ ಗೊತ್ತೇ ಇದೆ. ಲಿಂಗಸುಗೂರು ತಾಲ್ಲೂಕಿನ ಆ ಕೋಟೆಯೂರಿಗೆ ಕತ್ತಲ ರಾತ್ರಿ ಎಲ್ಲೆಲ್ಲಿಂದಲೋ ಮಂದಿ ಬರುತ್ತಾರೆ. ಅದಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸುವುದು ಮುಸ್ಲಿಮರ ಮನೆ ಒಂದೂ ಇಲ್ಲದ ಹಳ್ಳಿಗಳಲ್ಲಿ ಅಲಾಯಿ ಕುಣಿ ತೋಡುವ, ಫಕೀರರಾಗುವ, ಚೊಂಗೆ ಮಾಡುವ ಪದ್ಧತಿ. ರಹಮತ್ ತರೀಕೆರೆಯವರ ‘ಕರ್ನಾಟಕದ ಮೊಹರಂ’ ಓದಿ, ಈ ಹಬ್ಬದ ಹರವು ತಿಳಿಯುತ್ತದೆ. ‘ಯಾರ್ದೋ ದೇವರು’ ಎಂದ ಅತ್ತಿಗಿಯ ತವರಿನಲ್ಲೂ ಯಾರೋ ಒಬ್ಬ ಅಜ್ಜ ಹರಕೆ ಹೊತ್ತು ಲಾಡಿ ಹಾಕಿಕೊಂಡಿದ್ದರೆ ಆಶ್ಚರ್ಯವಿಲ್ಲ.

ಇನ್ನೊಂದು ಮಾತು ನಿಮ್ಮ ಪತ್ರದಲ್ಲಿಲ್ಲ, ಆದರೆ ಅದನ್ನು ಕೇಳಲೇಬೇಕು. ಅಪ್ಪನ ಹೆಣದ ಮುಂದೆ ನಿಮ್ಮ ಅವ್ವ, ದೊಡ್ಡವ್ವಂದಿರು ಹಾಡಾಡಿಕೊಂಡು ಅತ್ತರೇ? ಅತ್ತಿರುತ್ತಾರೆ. ಸತ್ತವರು ಬಿತ್ತಿದ ಹೊಲ, ಕಟ್ಟಿದ ಎತ್ತು, ಸಂತೆಯಿಂದ ತಂದ ಸೀರೆ, ಆಡಿದ ಮಾತು ಒಂದೊಂದನ್ನೂ ಎಣಿಸಿ, ಧಾಟಿ ಹಿಡಿದು, ‘ಎಲ್ಲಿಗೆ ಹೋದೆಪ್ಪೋ’ ಎಂದು ಮುಗಿಸುವ ಆ ಅಳು ನಮ್ಮ ಹೆಣ್ಣುಮಕ್ಕಳು ತಲೆಮಾರುಗಳಿಂದ ಉಳಿಸಿಕೊಂಡು ಬಂದ ವಿದ್ಯೆ. ಶಾಲೆ ಕಲಿತು ನೌಕರಿ ಹಿಡಿದ ನಮಗೆ ಅದು ಬರುವುದಿಲ್ಲ. ಬಂದರೂ ನಾಚಿಕೆ. ದುಃಖ ನಿಮ್ಮಲ್ಲಿ ಅವ್ವನಷ್ಟೇ ಇತ್ತು. ಅದು ಹೊರಬರಲು ಬೇಕಾದ ಧಾಟಿ ನಿಮ್ಮ ಬಳಿ ಇರಲಿಲ್ಲ. ಕತ್ತಲ ರಾತ್ರಿ ರಿವಾಯತಿನ ಮೇಳದವರು ಹೆಜ್ಜೆ ಹಾಕಿ, ಒಬ್ಬರು ಹೇಳಿ ಉಳಿದವರು ಎತ್ತಿಕೊಂಡು, ಆ ಧಾಟಿಯನ್ನು ನಿಮಗೆ ಕೊಟ್ಟರು. ದುರಂತ ಕಾವ್ಯ ಮಾಡುವ ಕೆಲಸಗಳಲ್ಲಿ ಇದು ದೊಡ್ಡದೆಂದು ನಾನು ನಂಬುತ್ತೇನೆ. ಕತೆಗೆ ಮೊದಲು, ನಡು, ಕೊನೆ ಇರುತ್ತವೆ. ನಮ್ಮ ದುಃಖಕ್ಕೆ ಇರುವುದಿಲ್ಲ. ಆ ಕತೆಯನ್ನು ಹಿಡಿದುಕೊಂಡು ನಮ್ಮದೂ ಹೊರಗೆ ಬರುತ್ತದೆ.

ಹೋಮರನ ಇಲಿಯಡ್‌ನಲ್ಲಿ ಒಂದು ಸಣ್ಣ ನೋಟವಿದೆ. ಪ್ಯಾಟ್ರೋಕ್ಲಸ್ ಸತ್ತಾಗ ಸೆರೆಸಿಕ್ಕ ಹೆಂಗಸರೆಲ್ಲ ಅವನ ಹೆಣದ ಸುತ್ತ ಅಳುತ್ತಾರೆ. ಮೇಲೆ ಅವನ ನೆಪ, ಒಳಗೆ ಪ್ರತಿಯೊಬ್ಬಳಿಗೂ ಅವಳವಳ ಗೋಳು ಎಂದು ಕವಿ ಹೇಳಿ ಮುಂದೆ ಹೋಗುತ್ತಾನೆ. ಅವರ ಅಳುವನ್ನು ಸುಳ್ಳು ಎನ್ನುವುದಿಲ್ಲ. ನೀವು ಅಂದು ಕಾಸಿಮನಿಗೂ ಅತ್ತಿರಿ, ಅಪ್ಪನಿಗೂ ಅತ್ತಿರಿ. ಇದರಲ್ಲಿ ಯಾರ ಪಾಲು ಎಷ್ಟು ಎಂದು ತೂಗಿ ನೋಡುವ ಕೆಲಸ ನಿಮಗೆ ಬೇಡ.

ವೈರಿಗೂ ಅಳುವಂತೆ ಮಾಡಬಲ್ಲದು ಕಾವ್ಯ. ನಮ್ಮ ರನ್ನ ಹತ್ತನೆಯ ಶತಮಾನದಲ್ಲಿ ‘ಗದಾಯುದ್ಧ’ ಬರೆಯಲು ಕುಳಿತದ್ದು ಭೀಮನ ಗೆಲುವನ್ನು ಹಾಡಲು. ಆದರೆ ಸಂಜಯನ ಕೈಹಿಡಿದು ರಣರಂಗದ ಹೆಣಗಳ ನಡುವೆ ನಡೆಯುವ ದುರ್ಯೋಧನ, ದ್ರೋಣನನ್ನು, ತನ್ನ ಮಗ ಲಕ್ಷಣಕುಮಾರನನ್ನು, ದುಶ್ಶಾಸನನನ್ನು, ಕರ್ಣನನ್ನು ಒಬ್ಬೊಬ್ಬರನ್ನಾಗಿ ಕಂಡು ಮರುಗುವ ದುರ್ಯೋಧನ, ಶತ್ರುವಿನ ಮಗ ಅಭಿಮನ್ಯುವಿನ ಹೆಣದ ಮುಂದೆಯೂ ನಿಂತು ಹೊಗಳುವ ದುರ್ಯೋಧನ ಓದುಗರ ಮನಸ್ಸನ್ನು ಕಸಿದುಕೊಂಡುಬಿಡುತ್ತಾನೆ. ಬಿ.ಎಂ.ಶ್ರೀ ಇದನ್ನು ಕಂಡೇ ರನ್ನನ ಕಾವ್ಯದಿಂದ ‘ಗದಾಯುದ್ಧ ನಾಟಕಂ’ ಕಟ್ಟಿದರು. ಸೊಫೊಕ್ಲಿಸ್‌ನ ಏಜಾಕ್ಸನ ಅಚ್ಚಿನಲ್ಲಿ 1929ರಲ್ಲಿ ‘ಅಶ್ವತ್ಥಾಮನ್’ ತಂದರು. ದುಷ್ಟ ಚತುಷ್ಟಯದ ನಾಯಕನಿಗೆ ಅಳಬಹುದಾದರೆ, ನೀವು ಕರ್ಬಲಾದ ಮದುಮಗನಿಗೆ ಅತ್ತದ್ದಕ್ಕೆ ಯಾರಿಗೂ ಲೆಕ್ಕ ಒಪ್ಪಿಸಬೇಕಾಗಿಲ್ಲ.

ನಿಮ್ಮ ಮನೆಯವರ ಮಾತಿಗೆ ಬರುತ್ತೇನೆ. ಅದು ಕಾಳಜಿಯ ಮಾತು, ಕಡೆಗಣಿಸಬೇಡಿ. ಪ್ಲೇಟೊ ಕೂಡ ಹಾಗೇ ಅಂದುಕೊಂಡಿದ್ದ. ಕತೆಯ ದುಃಖಕ್ಕೆ ಅಳುವ ರೂಢಿ ಬೆಳೆಸಿಕೊಂಡವರು ಸ್ವಂತ ದುಃಖ ಬಂದಾಗ ಕುಸಿಯುತ್ತಾರೆ ಎಂಬುದು ಅವನ ಅಂಜಿಕೆ. ಅವನ ಶಿಷ್ಯ ಅರಿಸ್ಟಾಟಲ್ ಒಪ್ಪಲಿಲ್ಲ, ಕರುಣೆ ಮತ್ತು ಭಯವನ್ನು ಎಬ್ಬಿಸಿಯೇ ನಾಟಕ ಅವನ್ನು ಹದಕ್ಕೆ ತರುತ್ತದೆ ಎಂದ. ಆ ಹದ ಎಂಥದ್ದೆಂಬ ವಾದ ಇಂದಿಗೂ ಮುಗಿದಿಲ್ಲ. ನಿಮ್ಮ ಬಾಳು ಮಾತ್ರ ಪ್ಲೇಟೊನ ಮಾತಿಗೆ ಒಗ್ಗುವುದಿಲ್ಲ. ಕತೆಗೆ ಅಳುವ ನೀವೇ ಆಸ್ಪತ್ರೆಯಲ್ಲಿ ಎಲ್ಲರಿಗಿಂತ ಗಟ್ಟಿ ನಿಂತವರು. ಪುಸ್ತಕ ಬಿಡಬೇಡಿ. ರಾತ್ರಿ ಮಲಗುವ ಮುನ್ನ ಒಬ್ಬರೇ ಓದುವುದನ್ನು ಕೆಲವು ದಿನ ತಪ್ಪಿಸಿ, ಹಗಲಲ್ಲಿ ಓದಿ. ಆದರೆ ಮನೆಯವರಿಗೆ ಅಪ್ಪನ ಬಗ್ಗೆ ಒಂದು ಸಲವಾದರೂ ಬಾಯಿಬಿಟ್ಟು ಹೇಳಿದ್ದೀರಾ? ಪತ್ರ ನೋಡಿದರೆ ಇಲ್ಲವೆನಿಸುತ್ತದೆ. ಪದ ಕೇಳಬೇಡ ಎನ್ನುವವರಿಗೆ, ಪದ ಕೇಳಿದಾಗ ನಿಮಗೆ ಯಾರು ನೆನಪಾದರು ಎಂಬುದನ್ನು ಹೇಳಿ.

ಮಗನ ಬಗೆಗಿನ ಭಯ ನಿಮ್ಮನ್ನು ಹೆಚ್ಚು ಕಾಡುತ್ತಿದೆ. ಇತರರಿಗೆ ಆದಾಗ ನಾವು ಯಾವುದಕ್ಕೆ ಮರುಗುತ್ತೇವೋ, ನಮಗೂ ಆದೀತೆಂದು ಅದಕ್ಕೇ ಅಂಜುತ್ತೇವೆ. ಪದದಲ್ಲಿ ತಾಯಿ ಮಗನನ್ನು ಕಳಿಸಿಕೊಟ್ಟಳು. ಮನೆಗೆ ಬಂದ ಮೇಲೆ ಬಾಗಿಲಲ್ಲಿ ನಿಂತವರು ನೀವು. ಅಪ್ಪ ಒಂದೇ ರಾತ್ರಿಯಲ್ಲಿ ಕೈತಪ್ಪಿ ಹೋದದ್ದನ್ನು ಕಂಡ ಮನಸ್ಸಿಗೆ ಇನ್ನಾರೂ ಹಾಗೆ ಹೋಗಬಹುದೆಂಬ ಲೆಕ್ಕ ಹತ್ತಿರುತ್ತದೆ. ರಿವಾಯತ್ ಆ ಭಯವನ್ನು ಹೊಸದಾಗಿ ಹುಟ್ಟಿಸಲಿಲ್ಲ, ಮುಚ್ಚಿದ್ದನ್ನು ತೆರೆಯಿತು. ಆಟೊ ತಡವಾದರೆ ಚಾಲಕನಿಗೆ ಒಂದು ಸಲ ಫೋನ್ ಮಾಡಿ, ಮತ್ತೆ ಮತ್ತೆ ಮಾಡಬೇಡಿ. ಮಗನ ಮುಂದೆ ನಿಮ್ಮ ಅಂಜಿಕೆ ತೋರಿಸುವುದಕ್ಕಿಂತ ಅವನ ಜೊತೆ ಅಜ್ಜನ ಮಾತಾಡಿ. ಅವನೂ ಅಜ್ಜನನ್ನು ಕಳೆದುಕೊಂಡಿದ್ದಾನೆ, ಅದನ್ನು ಯಾರೂ ಅವನಿಗೆ ಕೇಳಿರಲಿಕ್ಕಿಲ್ಲ.

ಇಷ್ಟಾದರೂ ಕೈ ನಡುಕ, ನಿದ್ದೆಗೇಡು, ಊಟ ಸೇರದಿರುವುದು ವಾರಗಟ್ಟಲೆ ಮುಂದುವರಿದರೆ, ಮಗನನ್ನು ಶಾಲೆಗೆ ಕಳಿಸಲೇ ಆಗದಂತಾದರೆ, ಬದುಕೇ ಬೇಡ ಎಂಬ ಯೋಚನೆ ಒಮ್ಮೆ ಸುಳಿದರೂ ಸರಿ, ನನ್ನ ಅಂಕಣ ಸಾಲದು. 14416 ಸಂಖ್ಯೆಗೆ ಕರೆ ಮಾಡಿ, ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ರಾಯಚೂರಿನ ರಿಮ್ಸ್‌ನಲ್ಲಿ ಮನೋರೋಗ ವಿಭಾಗದ ವೈದ್ಯರನ್ನೂ ಕಾಣಬಹುದು. ಆಸ್ಪತ್ರೆ ಎಂದರೆ ಅಪ್ಪನ ನೆನಪು ಮರುಕಳಿಸುತ್ತದೆ ಎನಿಸಿದರೆ ಮೊದಲು ಫೋನಿನಲ್ಲೇ ಶುರುಮಾಡಿ.

ತರಗತಿಯ ಮಾತು. ದುಃಖದ ಕತೆ ಹೇಳುವುದನ್ನು ನಿಲ್ಲಿಸಬೇಡಿ. ಆದರೆ ಆ ಹುಡುಗಿಗೆ ಅಂದು ಆದದ್ದು ಕರುಣರಸವಲ್ಲ, ಗಾಯಕ್ಕೆ ಪೆಟ್ಟು. ಅಥೆನ್ಸಿನಲ್ಲಿ ಒಮ್ಮೆ ಇಂಥದ್ದೇ ಆಗಿತ್ತು. ಕ್ರಿ.ಪೂ. 494ರಲ್ಲಿ ಅವರ ನಂಟಿನ ಊರು ಮಿಲೆಟಸ್ ಪರ್ಷಿಯನ್ನರ ಕೈಗೆ ಬಿದ್ದು ಹಾಳಾಯಿತು. ಫ್ರಿನಿಕಸ್ ಎಂಬ ನಾಟಕಕಾರ ಅದನ್ನೇ ನಾಟಕ ಮಾಡಿ ಆಡಿಸಿದ. ರಂಗದ ಮುಂದೆ ಕುಳಿತವರೆಲ್ಲ ಗೊಳೋ ಎಂದು ಅತ್ತರು. ಸ್ವಂತ ಮನೆಯ ಕೇಡನ್ನು ನೆನಪಿಸಿದನೆಂದು ಅವನಿಗೆ ಸಾವಿರ ದ್ರಾಕ್ಮಾ ದಂಡ ಹಾಕಿ, ಆ ನಾಟಕವನ್ನು ಇನ್ನು ಯಾರೂ ಆಡಕೂಡದೆಂದರು. ಸುಮಾರು ಇಪ್ಪತ್ತು ವರ್ಷಗಳ ಮೇಲೆ, ಕ್ರಿ.ಪೂ. 472ರಲ್ಲಿ, ಎಸ್ಕಿಲಸ್ ಅದೇ ಅಥೆನ್ಸಿಗರಿಗೆ ಸೋತ ಪರ್ಷಿಯನ್ನರ ಅರಮನೆಯ ಗೋಳನ್ನು ತೋರಿಸಿದ. ಅದಕ್ಕೆ ಬಹುಮಾನ ಬಂತು. ಬಿ.ಎಂ.ಶ್ರೀ ‘ಪಾರಸಿಕರು’ ಎಂದು ಕನ್ನಡಕ್ಕೆ ತಂದದ್ದು ಅದನ್ನೇ. ಆ ಹುಡುಗಿಗೆ ಲೋಹಿತಾಶ್ವ ತೀರಾ ಹತ್ತಿರದವನು. ಹಾವು ಅದೇ, ವಯಸ್ಸೂ ಹೆಚ್ಚುಕಡಿಮೆ ಅದೇ ಇದ್ದಿರಬೇಕು. ಉಳಿದ ಮಕ್ಕಳಿಗೆ ರಾಘವಾಂಕನ ಹರಿಶ್ಚಂದ್ರಕಾವ್ಯದ ಆ ಭಾಗ ಬೇಕು. ಗಂಡನೇ ಸುಡುಗಾಡಿನ ಕಾವಲುಗಾರನಾಗಿ ಹೆಂಡತಿ ಚಂದ್ರಮತಿಯ ತೋಳಿನ ಮಗನ ಹೆಣಕ್ಕೆ ಸುಂಕ ಕೇಳುವ ಆ ರಾತ್ರಿಯನ್ನು ಕೇಳದೆ ಬೆಳೆದ ಮಗು ಏನನ್ನೋ ಕಳೆದುಕೊಳ್ಳುತ್ತದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಅವಳನ್ನು ಒಬ್ಬಳನ್ನೇ ಕರೆದು ಮಾತಾಡಿಸಿ, ಎಲ್ಲರೆದುರು ಬೇಡ. ತಮ್ಮನ ಹೆಸರೇನೆಂದು ಕೇಳಿ. ಮುಂದೆ ಇಂಥ ಕತೆ ಬರುವಾಗ ಮೊದಲೇ ಅವಳಿಗೆ ಹೇಳಿಬಿಡಿ, ಬೇಕಾದರೆ ಎದ್ದು ಲೈಬ್ರರಿಗೆ ಹೋಗಬಹುದು ಎನ್ನಿ. ಹೋಗದೆ ಕುಳಿತರೆ ಅದೂ ಅವಳ ಇಷ್ಟ. ಎಲ್ಲ ಮಕ್ಕಳ ವಿಷಯದಲ್ಲೂ ಒಂದು ಕೋರಿಕೆ: ಕತೆ ಮುಗಿದ ಕೂಡಲೇ ‘ಇದರ ನೀತಿ ಏನು?’ ಎಂದು ಕೇಳಬೇಡಿ. ಚಂದ್ರಮತಿಯ ಗೋಳು ಕೇಳಿದ ಹುಡುಗರಿಗೆ ಸತ್ಯಮೇವ ಜಯತೇ ಎಂದು ಬರೆಸಿದರೆ ಅವರ ಎದೆಯಲ್ಲಿ ಎದ್ದದ್ದು ಅರ್ಧಕ್ಕೇ ನಿಂತುಬಿಡುತ್ತದೆ. ಗಂಟೆ ಹೊಡೆಯುವವರೆಗೆ ಸುಮ್ಮನೆ ಬಿಡಿ.

ಇನ್ನು ಅತ್ತಿಗಿ. ಅವರಿಗೆ ಉತ್ತರ ಕೊಡಬೇಡಿ. ಅಪ್ಪನ ವರ್ಷದ ಕಾರ್ಯಕ್ಕೆ ಇನ್ನೂ ತಿಂಗಳುಗಳಿವೆ. ಅಷ್ಟರೊಳಗೆ ಒಂದು ರಜೆಯಲ್ಲಿ ದೇವದುರ್ಗದ ಬಸ್ಸು ಹತ್ತಿ, ಅವ್ವನ ಹತ್ತಿರ ಕುಳಿತು, ಅಂದು ಹೆಣದ ಮುಂದೆ ಏನೇನು ಹಾಡಾಡಿಕೊಂಡು ಅತ್ತಳೋ ಅದನ್ನು ಇನ್ನೊಮ್ಮೆ ಹೇಳೆಂದು ಕೇಳಿ. ಮೊದಲು ‘ಈಗ್ಯಾಕ ಬಿಡವ್ವ’ ಅನ್ನಬಹುದು. ಸ್ವಲ್ಪ ಬಲವಂತ ಮಾಡಿ. ಮೊಬೈಲಿನಲ್ಲಿ ಹಿಡಿದಿಡಲೂಬಹುದು, ಅವ್ವ ಒಪ್ಪಿದರೆ. ಆಗ ನಿಮಗೆ ಅಳು ಬರಲೂಬಹುದು, ಬಾರದೆಯೂ ಇರಬಹುದು. ಎರಡರಿಂದಲೂ ಅಪ್ಪನ ಮೇಲಿನ ಪ್ರೀತಿ ಹೆಚ್ಚು ಕಡಿಮೆ ಆಗುವುದಿಲ್ಲ. ಹೋಗಿ ಬಂದ ಮೇಲೆ ಬರೆಯಿರಿ. ಮಗನ ವಿಷಯದ ಭಯ ಇಳಿಯಿತೋ ಇಲ್ಲವೋ ಅದನ್ನು ಮರೆಯದೆ ಬರೆಯಿರಿ.

— ನಿಮ್ಮ ಅಕ್ಕ